ಗಿರಣಿಯ ಉದ್ರಿ

ಪುಣೆಯಲ್ಲಿ ನೆಲೆಸಿರುವ ನಮ್ಮ ಕಡೆಯವರು ನಾಲ್ಕು ಜನ ಕೂಡಿದರೆ ಮಾತು ಊರಿನ ಮನೆಗೆ ಬರುತ್ತದೆ. ಮನೆಯ ಮಾತು ಬಂದರೆ ಕೀಲಿಯ ಮಾತು ಬಂದೇ ಬರುತ್ತದೆ. ಇಂಡಿ ತಾಲೂಕಿನ ನಮ್ಮ ಹಳ್ಳಿಯಲ್ಲಿ, ನಮ್ಮದೊಂದೇ ಓಣಿಯಲ್ಲಿ, ಆರು ಮನೆಗಳಿಗೆ ಕೀಲಿ ಬಿದ್ದಿದೆ. ನಮ್ಮ ಮನೆ ಏಳನೆಯದಾಗಬಾರದೆಂದು 2021ರಲ್ಲಿ ನನ್ನ ತಮ್ಮ ಹಿಟ್ಟಿನ ಗಿರಣಿ ಹಾಕಿದ. ಅವನಿಗೆ ನಾಲ್ಕು ಎಕರೆ ಒಣಬೇಸಾಯ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಊರಲ್ಲಿದ್ದ ಹಳೆಯ ಗಿರಣಿಯ ಯಜಮಾನರು ವಯಸ್ಸಾಗಿ ನಿಲ್ಲಿಸಿದ್ದರು. ಹೆಂಗಸರು ಜೋಳದ ಗಂಟು ಹೊತ್ತು ಪಕ್ಕದ ಊರಿಗೆ ನಡೆಯುತ್ತಿದ್ದರು. ಹೀಗಾಗಿ ಗಿರಾಕಿಗಳ ಚಿಂತೆ ಇರಲಿಲ್ಲ.

2020ರಲ್ಲಿ ಕೇಂದ್ರ ಸರಕಾರ ಕಿರು ಆಹಾರ ಉದ್ದಿಮೆಗಳಿಗೆಂದು ತಂದ ಯೋಜನೆಯಲ್ಲಿ 10 ಲಕ್ಷದ ಮಿತಿಯೊಳಗೆ ಶೇಕಡ 35ರ ಸಹಾಯಧನವಿತ್ತು. ಆದರೆ ಅದು ಬ್ಯಾಂಕಿನ ಸಾಲಕ್ಕೆ ಗಂಟು ಹಾಕಿದ ಸಹಾಯ. ಕಂತು ತಪ್ಪದೆ ನಡೆದರೆ ಮೂರು ವರ್ಷದ ಮೇಲೆ ಸಾಲದ ಲೆಕ್ಕಕ್ಕೆ ಜಮೆಯಾಗುವಂಥದ್ದು. ಮಳೆ ನಂಬಿದ ರೈತ ಮೂರು ವರ್ಷದ ಮಾತು ಬರೆದುಕೊಡಲು ಹೆದರಿದ. ಕೊನೆಗೆ ನಾನೇ ಕಚೇರಿಯ ಪತ್ತಿನ ಸಂಘದಲ್ಲಿ ಸಾಲ ಎತ್ತಿದೆ. ನಾನು ಕೇಂದ್ರ ಸರಕಾರದ ಕಾರಕೂನ. 1964ರ ನಡತೆ ನಿಯಮಗಳ 15ನೆಯ ನಿಯಮದಂತೆ ಪೂರ್ವಾನುಮತಿಯಿಲ್ಲದೆ ವ್ಯಾಪಾರಕ್ಕೆ ಕೈಹಾಕುವಂತಿಲ್ಲ. ಆದ್ದರಿಂದ ಗಿರಣಿ ತಮ್ಮನದು, ಸಾಲ ಮಾತ್ರ ನನ್ನದು! ಪಗಾರದಲ್ಲಿ ಆ ಕಡಿತ ಕಂಡಾಗ ನಮ್ಮ ಮನೆಯವಳು ಏನೂ ಅನ್ನುವುದಿಲ್ಲ. ಅನ್ನದೆ ಇರುವುದರಲ್ಲಿಯೇ ಎಲ್ಲ ಇರುತ್ತದೆ.

ಬೀಸುವ ಕೂಲಿ ಕಿಲೋಗೆ 4 ರೂಪಾಯಿ. ಮೊದಲ ವರ್ಷ ಗಿರಣಿಯ ಮುಂದೆ ಜನ ಸಾಲುಗಟ್ಟಿದರು, ಗಲ್ಲೆ ಮಾತ್ರ ಖಾಲಿ. ಊರಲ್ಲಿ ಅರ್ಧ ಜನ ಬೀಗರು, ಉಳಿದರ್ಧ ದೊಡ್ಡಪ್ಪ-ಚಿಕ್ಕಪ್ಪಂದಿರು. ಒಬ್ಬ ಚಿಕ್ಕಪ್ಪನ ಮನೆಯಿಂದ ತಿಂಗಳಿಗೆ 60 ಕಿಲೋ ಜೋಳ ಬರುತ್ತಿತ್ತು. ಹತ್ತು ತಿಂಗಳಲ್ಲಿ 2,400 ರೂಪಾಯಿ ಉದ್ರಿ ನಿಂತಿತು. ಕೇಳಬಾರದೇ ಎಂದು ಫೋನಿನಲ್ಲಿ ಅಂದರೆ ತಮ್ಮ, “ಅಣ್ಣಾ, ಅಪ್ಪ ಹೋದಾಗ ಹೆಗಲು ಕೊಟ್ಟಾಂವ ಅವ. ಹಿಟ್ಟಿನ ರೊಕ್ಕ ಹೆಂಗ ಕೇಳಲಿ?” ಎಂದ. ನನ್ನ ಬಿಎಸ್ಸಿಯಲ್ಲಿ ಇದಕ್ಕೆ ಉತ್ತರವಿಲ್ಲ. ಕರೆಂಟಿನ ಬಿಲ್ಲಿಗೆ ಮಾತ್ರ ಯಾರೂ ಚಿಕ್ಕಪ್ಪನಲ್ಲ.

ದಾರಿ ಹುಡುಕಿದವಳು ತಮ್ಮನ ಹೆಂಡತಿ. ಸುಗ್ಗಿಯಲ್ಲಿ ಚಿಕ್ಕಪ್ಪನ ಕಣಕ್ಕೆ ಹೋಗಿ, “ಮಾವಾರ, ಈ ಸಲ ಜ್ವಾಳ ಭಾಳ ಚಲೋ ಬಂದಾವ. ನಮಗೊಂದು ಚೀಲ ಹಾಕ್ರಿ, ಉದ್ರಿಯಾಗ ಮುರಕೊಳ್ಳೂಣು” ಎಂದಳು. ಹಣ ಕೇಳಿದ್ದರೆ ಮುಖ ತಿರುಗಿಸುತ್ತಿದ್ದ ಮನುಷ್ಯ ತಾನೇ ಚೀಲ ಹೊತ್ತು ತಂದ. ಅಂದಿನ ದರ ಕಿಲೋಗೆ 40. 60 ಕಿಲೋಕ್ಕೆ ಲೆಕ್ಕ ಚುಕ್ತಾ. ಹಿಂದೆ ಆಯಗಾರರಿಗೆ ಕಣದಲ್ಲೇ ಕಾಳು ಅಳೆದು ಕೊಡುತ್ತಿದ್ದ ಊರಲ್ಲವೇ! ಅವನನ್ನು ನೋಡಿ ಉಳಿದವರೂ ತಂದರು.

ಕೂಡಿದ ಜೋಳದಿಂದ ಕಡಕ್ ರೊಟ್ಟಿಯ ಕೆಲಸ ಹುಟ್ಟಿತು. 2022ರಲ್ಲಿ ಅವಳ ಹೆಸರಿನಲ್ಲಿ ಆಹಾರ ಸುರಕ್ಷತೆಯ ನೋಂದಣಿಯಾಯಿತು. ವರ್ಷಕ್ಕೆ 100 ರೂಪಾಯಿ ಶುಲ್ಕ. ಇಲ್ಲಿ ನನ್ನ ರಸಾಯನಶಾಸ್ತ್ರದ ಒಂದು ಮಾತು: ಗೋದಿಯಲ್ಲಿರುವ ಗ್ಲುಟೆನ್ ಎಂಬ ಜಿಗುಟು ಜೋಳದಲ್ಲಿಲ್ಲ. ಕುದಿಯುವ ನೀರು ಹೊಯ್ದಾಗ ಪಿಷ್ಟ ಉಬ್ಬಿ ಅಂಟಾಗುವುದರಿಂದಲೇ ರೊಟ್ಟಿ ಹರಿಯದೆ ತೆಳ್ಳಗಾಗುತ್ತದೆ. ಹಿಟ್ಟು ಹಳೆಯದಾದರೆ ಈ ಕಟ್ಟು ಬಿಡುತ್ತದೆ. ಬೆಳಿಗ್ಗೆ ಬೀಸಿದ್ದು ಮಧ್ಯಾಹ್ನಕ್ಕೇ ಹಂಚಿಗೆ ಹೋಗುವ ಮನೆಗೆ ಪಟ್ಟಣದ ಪಾಕೀಟು ಹಿಟ್ಟು ಎಲ್ಲಿಯ ಸಾಟಿ? ನೀರಿನಂಶ ಪೂರ್ತಿ ಆರಿದ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ.

ಕಿಲೋ ಹಿಟ್ಟಿಗೆ 20 ರೊಟ್ಟಿ, ಒಂದಕ್ಕೆ 6 ರೂಪಾಯಿ. ಚಿಕ್ಕಪ್ಪನ ಚೀಲ 1,200 ರೊಟ್ಟಿಯಾಗಿ 7,200 ರೂಪಾಯಿ ತಂದಿತು. ಜೋಳದ ಬೆಲೆ, ಸೌದೆ, ಬಡಿಯುವ ಮೂವರ ಕೂಲಿ, ಸೊಲ್ಲಾಪುರದ ಬಸ್ ಚಾರ್ಜು ಕಳೆದು ಕೈಗೆ ಉಳಿದದ್ದು ಎರಡು ಸಾವಿರ ಚಿಲ್ಲರೆ. ಬಡಿಯುವವರಲ್ಲಿ ಒಬ್ಬಳು ಅದೇ ಚಿಕ್ಕಪ್ಪನ ಸೊಸೆ. ಅವಳ ಕೂಲಿಯನ್ನು ಮನೆಯ ಉದ್ರಿಗೆ ಮುರಿಯಬಹುದಲ್ಲ ಎಂದು ಕೇಳಿದ್ದಕ್ಕೆ ತಮ್ಮನ ಹೆಂಡತಿ, “ಅದು ಆಕೀ ದುಡ್ಡು ಭಾವಾರ. ಮಾವಾರ ಲೆಕ್ಕ ಬ್ಯಾರೆ” ಎಂದಳು. ಕೂಲಿ ಕೈಗೇ ಕೊಡುತ್ತಾಳೆ.

ಎಲ್ಲವೂ ಸುಸೂತ್ರವೆಂದಲ್ಲ. ಹೊಲವಿಲ್ಲದವರ ಉದ್ರಿ ಪುಸ್ತಕದಲ್ಲಿಯೇ ಇದೆ. ಅವರನ್ನು ಯಾರೂ ಕೇಳುವುದಿಲ್ಲ. 2023ರಲ್ಲಿ ಬರ ಬಿದ್ದು ಮುಂದಿನ ಸುಗ್ಗಿಗೆ ಕಣಗಳಿಂದ ಚೀಲಗಳು ಬರಲಿಲ್ಲ. ಪೇಟೆಯ ಜೋಳ ಕೊಂಡು ರೊಟ್ಟಿ ಬಡಿದರು. ತಮ್ಮ ನನಗೆ ಕಳಿಸುತ್ತಿದ್ದ ಹಣ ಐದು ತಿಂಗಳು ನಿಂತಿತು. ಮನೆಯವಳ ಮೌನ ಇನ್ನಷ್ಟು ಗಟ್ಟಿಯಾಯಿತು.

ಈಗ ಸೊಲ್ಲಾಪುರದ ಅಂಗಡಿಯೊಂದಕ್ಕೆ ವಾರಕ್ಕೆ 300 ರೊಟ್ಟಿ ಹೋಗುತ್ತವೆ. ನನ್ನ ಸಾಲದ 14 ಕಂತು ಬಾಕಿ. ಕಳೆದ ತಿಂಗಳು ಸಂಘದ ಸಭೆಗೆ ಹಂಚಲೆಂದು ಮನೆಯವಳೇ ಊರಿಗೆ ಫೋನು ಮಾಡಿ 100 ರೊಟ್ಟಿ ತರಿಸಿದಳು. 600 ರೂಪಾಯಿ ಅದೇ ದಿನ ಕಳಿಸಿದಳು, ನನ್ನನ್ನು ಕೇಳಲಿಲ್ಲ.