ಚಿಪ್ಪು ಬಾಯಿ ಬಿಟ್ಟರೆ ಸಾಲದು

ಅಕ್ಕನ ಕುಬಸಕ್ಕೆಂದು ಶ್ರಾವಣದಲ್ಲಿ ಮಂಗಳೂರಿನಿಂದ ಊರಿಗೆ ಬಂದಿದ್ದೆ. ನಮ್ಮೂರು ಗೋಕಾಕ ಫಾಲ್ಸ್. ಘಟಪ್ರಭಾ ತುಂಬಿ ಧುಮುಕುವ ಸದ್ದು ಮನೆತನಕ ಕೇಳುತ್ತಿತ್ತು. ಏಳು ತಿಂಗಳ ಬಸುರಿ ಅಕ್ಕನಿಗೆ ನಾನೇ ಕರದಂಟು ಮುರಿದು ಬಾಯಿಗಿಟ್ಟೆ.

ಮೂರು ದಿನಕ್ಕೆ ನನಗೆ ಜ್ವರ, ವಾಕರಿಕೆ. ಊಟ ಕಂಡರೇ ಬೇಡ. ಆರನೇ ದಿನ ಮೂತ್ರ ಕಡು ಚಹಾದ ಬಣ್ಣಕ್ಕೆ ಬಂತು. ಅವ್ವ ಮುಖ ನೋಡಿದವಳೇ, "ಅಯ್ಯ, ಕಣ್ಣ ಹಳದಿ ಆಗ್ಯಾವಲ್ಲೋ! ಕಾಮಣಿ ಆಗೇತಿ" ಅಂದಳು. ಪಕ್ಕದ ಮನೆ ಕಾಕು ಗಾಂವಟಿ ಔಷಧಿ ಕೊಡುವವರ ವಿಳಾಸ ಹೇಳಿದರು. ನಾನು ಗೋಕಾಕಕ್ಕೆ ಡಾಕ್ಟರ ಹತ್ತಿರ ಹೋದೆ.

ಅವರು ಮೊದಲು ಕೇಳಿದ ಪ್ರಶ್ನೆ: "ಮನ್ಯಾಗ ಬಸುರಿ ಹೆಣಮಕ್ಕಳು ಯಾರರ ಅದಾರೇನು?"

ಎದೆ ಧಸಕ್ಕೆಂದಿತು. ಹೆಪಟೈಟಿಸ್ ಎ ಮತ್ತು ಇ ಎರಡೂ ಮಲದಿಂದ ಕೆಟ್ಟ ನೀರು, ಆಹಾರದ ಮೂಲಕ ಹೊಟ್ಟೆ ಸೇರುತ್ತವೆ. ಎ ಹೆಚ್ಚಿನವರಲ್ಲಿ ತಾನಾಗಿ ವಾಸಿಯಾಗುತ್ತದೆ. ಇ ಮಾತ್ರ ಕೊನೆಯ ತಿಂಗಳುಗಳ ಬಸುರಿಯರ ಜೀವಕ್ಕೇ ಎರವಾಗಬಹುದು. ಯಾವುದೆಂದು ರಕ್ತದ ರಿಪೋರ್ಟ್ ಹೇಳಬೇಕು. ಅದಕ್ಕೆ ಎರಡು ದಿನ.

ಆ ಎರಡು ದಿನ ನನಗೆ ಬೇರೆ ಖೋಲಿ, ಬೇರೆ ತಾಟು. ಅಕ್ಕ ಹೊಸ್ತಿಲಾಚೆ ನಿಂತು, "ಏನರ ತಿಂದಿಯೇನೋ ತಮ್ಮಾ?" ಅಂತ ಕೇಳುತ್ತಿದ್ದಳು. ನಾನು ಕರದಂಟು ಮುರಿದ ಕೈ ನೋಡುತ್ತ ಕೂತಿದ್ದೆ. ಹೆಪಟೈಟಿಸ್ ಎ ಕಣ್ಣು ಹಳದಿಯಾಗುವುದಕ್ಕೆ ಒಂದೆರಡು ವಾರ ಮೊದಲೇ ಹರಡಲು ಶುರುವಾಗುತ್ತದೆ ಎಂದು ಮೊಬೈಲಿನಲ್ಲಿ ಓದಿ ನಿದ್ದೆ ಹಾರಿಹೋಗಿತ್ತು.

ರಿಪೋರ್ಟ್ ಬಂತು. ಎ. ಇ ಇರಲಿಲ್ಲ. ಅಕ್ಕನ ರಕ್ತದಲ್ಲಿ ಎ ವಿರುದ್ಧದ ರೋಗನಿರೋಧಕ ಶಕ್ತಿ ಆಗಲೇ ಇತ್ತು. ಅವಳು ನನಗಿಂತ ಎಂಟು ವರ್ಷ ದೊಡ್ಡವಳು. ಅವಳ ಬಾಲ್ಯದಲ್ಲಿ ಮನೆಗೆ ಫಿಲ್ಟರ್ ಬಂದಿರಲಿಲ್ಲ. "ಸಣ್ಣಾಕಿದ್ದಾಗ ಗೊತ್ತಿಲ್ಲದಂಗ ಬಂದು ಹೋಗಿರತೈತಿ" ಅಂದರು ಡಾಕ್ಟರು. ಅವ್ವ ಅಲ್ಲೇ ಕಣ್ಣೊರೆಸಿಕೊಂಡಳು.

ಆಮೇಲೆ ನನ್ನ ಕಡೆ ತಿರುಗಿದರು. "ನಿನ್ನೆ ಮೊನ್ನೆ ತಿಂದದ್ದಲ್ಲ. ತಿಂಗಳ ಹಿಂದ ಏನ ತಿಂದಿದ್ದಿ, ನೆನಪ ಮಾಡ್ಕೊ." ಈ ವೈರಸ್ ಹೊಟ್ಟೆ ಸೇರಿದ 15ರಿಂದ 50 ದಿನಗಳ ನಂತರ ತಲೆ ಎತ್ತುತ್ತದಂತೆ.

ನೆನಪಾಯಿತು. ಜೋರು ಮಳೆ ಹಿಡಿದಿದ್ದ ಒಂದು ಭಾನುವಾರ, ಕಡಲ ದಂಡೆಯ ಅಂಗಡಿಯಲ್ಲಿ ನಾವು ನಾಲ್ವರು. ಕೆಂಡದ ಮೇಲೆ ಮರ್ವಾಯಿ ಚಿಪ್ಪು ಬಾಯಿ ಬಿಟ್ಟ ಕೂಡಲೇ ಇಳಿಸಿ, ನಿಂಬೆ ಹಿಂಡಿ ಕೊಟ್ಟಿದ್ದ. ಬಯಲುಸೀಮೆಯವನಾದ ನನಗೆ ಅದೇ ಮೊದಲು. ಮೂರು ಪ್ಲೇಟು ಹೊಡೆದಿದ್ದೆ. ಗೆಳೆಯರಿಗೆ ಫೋನ್ ಮಾಡಿದೆ. ಒಬ್ಬನಿಗೆ ಅದೇ ವಾರ ಕಾಮಾಲೆ. ಸುಕ್ಕ ಮಾತ್ರ ತಿಂದವನು ಆರಾಮಾಗಿದ್ದ. ಅದೇ ಕಾರಣ ಅನ್ನಲು ನನ್ನ ಬಳಿ ಪುರಾವೆ ಇಲ್ಲ, ಲೆಕ್ಕ ಮಾತ್ರ ಕೂಡುತ್ತದೆ.

ಮರ್ವಾಯಿಯಂಥ ಚಿಪ್ಪುಜೀವಿ ನೀರನ್ನು ಸೋಸಿಯೇ ಹೊಟ್ಟೆ ಹೊರೆಯುತ್ತದೆ. ಆ ನೀರಿಗೆ ಒಳಚರಂಡಿ ಸೇರಿದರೆ ವೈರಸ್ ಅದರೊಳಗೆ ಜಮಾ ಆಗುತ್ತದೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಮ್ಮ ಕರಾವಳಿಯ ಚಿಪ್ಪುಗಳಲ್ಲೂ ಮನುಷ್ಯರ ಕರುಳಿನ ವೈರಸ್‌ಗಳು ಸಿಕ್ಕಿದ್ದವು. 1988ರಲ್ಲಿ ಚೀನಾದ ಶಾಂಘೈಯಲ್ಲಿ ಅರೆಬೆಂದ ಚಿಪ್ಪು ತಿಂದು ಸುಮಾರು 3 ಲಕ್ಷ ಮಂದಿಗೆ ಹೆಪಟೈಟಿಸ್ ಎ ಬಂದಿತ್ತು.

ಚಿಪ್ಪು ಬಾಯಿ ಬಿಟ್ಟಿತು ಅಂದರೆ ಒಳಗೆ ಬೆಂದಿತು ಎಂದಲ್ಲ. ಒಳಗಿನ ಮಾಂಸ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ ಒಂದೂವರೆ ನಿಮಿಷ ಇರಬೇಕು. ಮನೆಯಲ್ಲಾದರೆ, ಬಾಯಿ ಬಿಟ್ಟ ಮೇಲೂ ಕೆಲವು ನಿಮಿಷ ಕುದಿಸಿ. ನಿಂಬೆರಸ, ಖಾರ ಯಾವುದೂ ವೈರಸ್ ಕೊಲ್ಲುವುದಿಲ್ಲ. ಬ್ಯಾಗಿನ ಸ್ಯಾನಿಟೈಸರ್ ಕೂಡ ಇಂಥ ವೈರಸ್‌ಗಳಿಗೆ ಅಷ್ಟಾಗಿ ಬಗ್ಗದು. ಸೋಪು ಹಚ್ಚಿ ತೊಳೆಯುವುದೇ ಸರಿ. ಹೆಪಟೈಟಿಸ್ ಎ ಗೆ ಲಸಿಕೆಯೂ ಇದೆ, ನಿಮ್ಮ ಡಾಕ್ಟರನ್ನು ಕೇಳಿ.

ನನಗೆ ಪೂರ್ತಿ ಚೇತರಿಸಿಕೊಳ್ಳಲು ಎರಡು ತಿಂಗಳು ಹಿಡಿಯಿತು. ಅಕ್ಕನ ಹೆರಿಗೆ ಸುಸೂತ್ರವಾಯಿತು. ಮಂಗಳೂರಲ್ಲಿ ಗೆಳೆಯನ ಅಮ್ಮ ಚೆನ್ನಾಗಿ ಬೇಯಿಸಿ ಮಾಡುವ ಮರ್ವಾಯಿ ಸುಕ್ಕವನ್ನು ಈಗಲೂ ಬಿಟ್ಟಿಲ್ಲ. ಊರಿಗೆ ಬಂದು ಕೂಸನ್ನು ಎತ್ತಿಕೊಳ್ಳಲು ಹೋದರೆ ಮಾತ್ರ ಅಕ್ಕ ಇಂದಿಗೂ ಕೇಳುತ್ತಾಳೆ: "ಕೈ ತೊಳಕೊಂಡಿಯೇನೋ ತಮ್ಮಾ?"