ಬೆಳಗಾಗದ ತಾಣ

ಕೆನಡಾ ದೇಶದ ಉತ್ತರ ತುದಿಯಲ್ಲಿ, ಒಡೆದ ಮಡಕೆಯ ಚೂರುಗಳಂತೆ ಹರಡಿರುವ ಹಿಮದ್ವೀಪಗಳಿವೆ. 1880ರಲ್ಲಿ ಬ್ರಿಟನ್ ಅವುಗಳ ಮೇಲಿನ ಹಕ್ಕನ್ನು ಕೆನಡಾಕ್ಕೆ ಒಪ್ಪಿಸಿತು. ಆದರೆ ಕಾಗದದ ಮೇಲಿನ ಒಡೆತನವೇ ಬೇರೆ, ಒಲೆಯುರಿಸಿ ಬಾಳುವ ಒಡೆತನವೇ ಬೇರೆ. ಎರಡನೆಯ ಮಹಾಯುದ್ಧದ ತರುವಾಯ ಹವಾಮಾನ ಠಾಣೆಗಳಿಗೆಂದು ಅಮೆರಿಕದವರು ಅಲ್ಲಿಗೆ ಬಂದು ನೆಲೆಸತೊಡಗಿದಾಗ ಒಟ್ಟಾವಾದ ಅಧಿಕಾರಿಗಳಿಗೆ ಕಳವಳವಾಯಿತು. ತಮ್ಮ ಪ್ರಜೆಗಳೇ ಇಲ್ಲದ ನೆಲವನ್ನು ತಮ್ಮದೆಂದು ಎಷ್ಟು ದಿನ ಹೇಳಿಕೊಳ್ಳುವುದು?

1953ರಲ್ಲಿ ಕ್ವಿಬೆಕ್ ಪ್ರಾಂತದ ಇನುಕ್‌ಜುವಾಕ್‌ನಿಂದ ಕೆಲವು ಇನ್ಯುಯಿಟ್ ಕುಟುಂಬಗಳನ್ನು ಹಡಗು ಹತ್ತಿಸಿ, ಸುಮಾರು 2,000 ಕಿಲೋಮೀಟರ್ ದೂರ ಉತ್ತರಕ್ಕೆ ಸಾಗಿಸಲಾಯಿತು. ಅಲ್ಲಿ ಬೇಟೆ ಹೇರಳ, ಒಗ್ಗದಿದ್ದರೆ ಎರಡು ವರ್ಷಗಳಲ್ಲಿ ಮರಳಬಹುದು ಎಂಬ ಭರವಸೆಯೂ ದೊರೆಯಿತು. ತಮ್ಮನ್ನು ಬೇರೆ ಬೇರೆ ತಾಣಗಳಲ್ಲಿ ಇಳಿಸಲಾಗುವುದೆಂಬ ಸಂಗತಿ ಮಾತ್ರ ಅವರಿಗೆ ತಿಳಿದದ್ದು ನಡುಗಡಲಿನಲ್ಲಿ! ಕೆಲವರು ಎಲ್ಸ್‌ಮಿಯರ್ ದ್ವೀಪದ ಪಾಲಾದರು, ಕೆಲವರು ಕಾರ್ನ್‌ವಾಲಿಸ್ ದ್ವೀಪದ ರೆಸಲ್ಯೂಟ್ ಎಂಬಲ್ಲಿಗೆ.

ಅಂಗಡಿ, ಶಾಲೆ, ದಾದಿಯಿದ್ದ ಊರನ್ನು ಬಿಟ್ಟು ಬಂದವರಿಗೆ ಮೊದಲ ಚಳಿಗಾಲದ ಆಸರೆಯೆಂದರೆ ಬಟ್ಟೆಯ ಡೇರೆ. ಹುಟ್ಟೂರಿನಲ್ಲಿ ನಡುಚಳಿಯಲ್ಲಿಯೂ ಸೂರ್ಯ ಮುಖ ತೋರಿಸುತ್ತಿದ್ದ. ಇಲ್ಲಿ ಸುಮಾರು ಮೂರು ತಿಂಗಳು ಅವನ ಸುಳಿವೇ ಇಲ್ಲ. ಆ ಕತ್ತಲೆಯಲ್ಲಿಯೇ ಸೀಲ್ ಬೇಟೆಯಾಗಬೇಕು. ಕಸ್ತೂರಿ ಎತ್ತು ಕಣ್ಣೆದುರಿಗಿದ್ದರೂ ಅದನ್ನು ಕೊಲ್ಲಲು ಕಾನೂನಿನ ಅಡ್ಡಿ. ಹೇರಳವಾದ ಬೇಟೆಯ ಮಾತಾಡಿದ ಸರ್ಕಾರದ್ದೇ ಆ ಕಾನೂನು! ರೆಸಲ್ಯೂಟಿಗೆ ಇನ್ಯುಯಿಟ್ ಭಾಷೆಯಲ್ಲಿ ಕೌಸುಯಿಟ್ಟುಕ್ ಎಂಬ ಹೆಸರಿದೆ. ಬೆಳಗಾಗದ ತಾಣ ಎಂದು ಅದರ ಅರ್ಥ.

ಎರಡು ವರ್ಷ ಕಳೆಯಿತು. ಮರಳಿ ಕರೆದೊಯ್ಯುವ ಹಡಗು ಬರಲಿಲ್ಲ. 1955ರಲ್ಲಿ ಬಂದದ್ದು ಇನ್ನಷ್ಟು ಕುಟುಂಬಗಳನ್ನು ಹೊತ್ತ ಹಡಗು. ಇದೆಲ್ಲ ಅವರ ಹಿತಕ್ಕಾಗಿಯೇ ನಡೆಯಿತೆಂದು ಸರ್ಕಾರ ಬಹುಕಾಲ ವಾದಿಸಿತು. ತಮ್ಮನ್ನು ಧ್ವಜಸ್ತಂಭಗಳಂತೆ ನೆಟ್ಟರೆಂದು ಆ ಜನ ಹೇಳುತ್ತ ಬಂದರು. ಧ್ವಜಸ್ತಂಭಕ್ಕಾದರೋ ಹಸಿವೂ ಇಲ್ಲ, ತವರಿನ ನೆನಪೂ ಇಲ್ಲ. ತನಿಖಾ ಆಯೋಗವೊಂದು 1994ರಲ್ಲಿ ಕ್ಷಮಾಯಾಚನೆಗೆ ಶಿಫಾರಸು ಮಾಡಿತು. 1996ರಲ್ಲಿ ಸರ್ಕಾರ ಒಂದು ಕೋಟಿ ಡಾಲರ್ ಪರಿಹಾರ ನೀಡಿತಾದರೂ ಕ್ಷಮೆಯ ಮಾತು ಅದರ ಬಾಯಿಂದ ಹೊರಡಲಿಲ್ಲ. ಹಣಕ್ಕಿಂತ ಮಾತೇ ಅದಕ್ಕೆ ದುಬಾರಿಯಾಗಿತ್ತೇನೋ! 2010ರಲ್ಲಿ ಆ ಮಾತು ಬಂದಿತು. ಅಷ್ಟರಲ್ಲಿ ಹಡಗೇರಿದ್ದ ಹಿರಿಯರಲ್ಲಿ ಅನೇಕರು ಮಣ್ಣಾಗಿದ್ದರು.

ಅದೇ ವರ್ಷ ಎರಡು ಊರುಗಳಲ್ಲಿಯೂ ಸ್ಮಾರಕ ಶಿಲ್ಪಗಳನ್ನು ನಿಲ್ಲಿಸಲಾಯಿತು. ಎಲ್ಸ್‌ಮಿಯರ್ ದ್ವೀಪದ ಗ್ರೀಸ್ ಫಿಯರ್ಡಿನಲ್ಲಿ ಒಬ್ಬ ತಾಯಿ, ಮಗ್ಗುಲಲ್ಲಿ ಮಗು ಮತ್ತು ನಾಯಿ. ಅವಳ ದೃಷ್ಟಿ ರೆಸಲ್ಯೂಟಿನ ಕಡೆಗೆ. ರೆಸಲ್ಯೂಟಿನಲ್ಲಿ ಒಂಟಿಯಾಗಿ ನಿಂತ ಗಂಡಸು, ಗ್ರೀಸ್ ಫಿಯರ್ಡಿನ ಕಡೆಗೆ ನೋಡುತ್ತಿದ್ದಾನೆ.