ಹಾರದ ವಿಮಾನ, ಬಾರದ ಪೆಟ್ಟಿಗೆ

ಬರ್ಮಿಂಗ್‌ಹ್ಯಾಮಿನಿಂದ ಶ್ರೂಸ್‌ಬರಿಯತ್ತ ಹೊರಟ ರೈಲು ವುಲ್ವರ್‌ಹ್ಯಾಂಪ್ಟನ್ ದಾಟುತ್ತಿದ್ದಂತೆ ಕಾರ್ಖಾನೆಗಳ ಇಂಗ್ಲೆಂಡ್ ಹಿಂದೆ ಸರಿದು, ಹೊಲ, ಬೇಲಿ, ದನಗಳ ಇಂಗ್ಲೆಂಡ್ ಎದುರಾಗುತ್ತದೆ. ಕಾಸ್‌ಫರ್ಡ್ ಎಂಬುದು ದಾರಿಯಲ್ಲಿ ಸಿಗುವ ಪುಟ್ಟ ನಿಲ್ದಾಣ. ಸೂಟ್‌ಕೇಸ್ ಹಿಡಿದವರು ಇಲ್ಲಿ ಇಳಿಯುವುದು ಕಡಿಮೆ. ಇಳಿಯುವವರಲ್ಲಿ ಹೆಚ್ಚಿನವರು ಮಕ್ಕಳ ಕೈ ಹಿಡಿದ ತಂದೆತಾಯಂದಿರು. ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಬ್ರಿಟಿಷ್ ವಾಯುಪಡೆಯ ವಸ್ತುಸಂಗ್ರಹಾಲಯವಿದೆ.

ಸಂಗ್ರಹಾಲಯ ಆರಂಭವಾದದ್ದು 1979ರಲ್ಲಿ. ಪ್ರವೇಶ ಶುಲ್ಕವಿಲ್ಲ. ಪಕ್ಕದಲ್ಲೇ ವಾಯುಪಡೆಯ ತಂತ್ರಜ್ಞರಿಗೆ ತರಬೇತಿ ಕೊಡುವ ಶಾಲೆಯೂ ಇರುವುದರಿಂದ ಊರಿನ ತುಂಬ ವಿಮಾನದ್ದೇ ವಾತಾವರಣ. 2007ರಲ್ಲಿ ಶೀತಲ ಸಮರಕ್ಕೆಂದೇ ದೊಡ್ಡದೊಂದು ಸಭಾಂಗಣ ತೆರೆಯಿತು. ವೇಲಿಯಂಟ್, ವಲ್ಕನ್, ವಿಕ್ಟರ್ ಎಂಬ ಮೂರು ಭಾರಿ ಬಾಂಬರ್‌ಗಳನ್ನು ಒಂದೇ ಸೂರಿನಡಿ ನೋಡಬೇಕೆಂದರೆ ಪ್ರಪಂಚದಲ್ಲಿ ಇದೊಂದೇ ಜಾಗ. ಬಂದವರೆಲ್ಲ ಮೊದಲು ಅತ್ತ ನುಗ್ಗುತ್ತಾರೆ. ಆದರೆ ಅಸಲಿ ಕಥೆ ಇರುವುದು ಪ್ರಾಯೋಗಿಕ ವಿಮಾನಗಳನ್ನಿಟ್ಟಿರುವ ಇನ್ನೊಂದು ಕಟ್ಟಡದಲ್ಲಿ.

ಅಲ್ಲಿ ಅಚ್ಚ ಬಿಳಿ ಬಣ್ಣದ ಒಂದು ನೀಳ ವಿಮಾನ ನಿಂತಿದೆ. ಉದ್ದ ಸುಮಾರು 27 ಮೀಟರ್, ರೆಕ್ಕೆಯ ಹರವು ಹನ್ನೊಂದು ಮೀಟರಿಗೆ ತುಸು ಹೆಚ್ಚು. ಕೊಕ್ಕರೆಯ ಕೊರಳಿನಂಥ ಮೂತಿ, ಭುಜದ ಮೇಲೆ ಕೂರಿಸಿದಂಥ ಚಿಕ್ಕ ರೆಕ್ಕೆಗಳು, ತುದಿಯಲ್ಲಿ ಕೆಳಕ್ಕೆ ಬಾಗಿದ ಅಂಚು. ಇದರ ಹೆಸರು ಟಿ.ಎಸ್.ಆರ್.-2. ನೆಲಮಟ್ಟದಲ್ಲೇ ಶಬ್ದದ ವೇಗ ಮೀರಬೇಕು, ಎತ್ತರದಲ್ಲಿ ಅದರ ಎರಡು ಪಟ್ಟು ವೇಗದಲ್ಲಿ ಹಾರಬೇಕು ಎಂಬುದು ಇದನ್ನು ರೂಪಿಸಿದವರ ಗುರಿಯಾಗಿತ್ತು. ಇಲ್ಲಿ ನಿಂತಿರುವ ವಿಮಾನದ ನೋಂದಣಿ ಎಕ್ಸ್.ಆರ್. 220. ಇದು ಒಂದೇ ಒಂದು ಸಲವೂ ಆಕಾಶಕ್ಕೆ ಏರಿಲ್ಲ.

ಬ್ರಿಟನ್ನಿನಲ್ಲಿ ಒಂದು ತಲೆಮಾರಿನ ಹುಡುಗರು ವಿಮಾನಗಳನ್ನು ಕಲಿತದ್ದು ಆಕಾಶ ನೋಡಿ ಅಲ್ಲ, ಊಟದ ಮೇಜಿನ ಮೇಲೆ. ಪೊಟ್ಟಣ ಬಿಚ್ಚಿದರೆ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ಬಿಡಿಭಾಗಗಳು, ಜೋಡಿಸುವ ಕ್ರಮ ತೋರಿಸುವ ಒಂದು ಹಾಳೆ, ನೀರಲ್ಲಿ ನೆನೆಸಿ ಅಂಟಿಸುವ ಚಿಹ್ನೆಗಳು. ಭಾಗಗಳನ್ನು ಮುರಿದು, ಉಜ್ಜಿ, ಅಂಟು ಹಚ್ಚಿ, ಬಣ್ಣ ಬಳಿದರೆ ಅಂಗೈಯಗಲದ ವಿಮಾನ ಸಿದ್ಧ. ಇದೇ ಕಿಟ್. ಹೆಚ್ಚು ಪ್ರಚಲಿತವಾದ ಅಳತೆ 1:72. ಎಂದರೆ ನಿಜ ವಿಮಾನದ 72 ಅಂಗುಲ ಇಲ್ಲಿ ಒಂದು ಅಂಗುಲ. ಅಳತೆ, ಅನುಪಾತಗಳನ್ನು ಶಾಲೆಯ ಲೆಕ್ಕದ ಪುಸ್ತಕಕ್ಕಿಂತ ಚೆನ್ನಾಗಿ ಕಲಿಸಿದ್ದು ಈ ಪೊಟ್ಟಣಗಳೇ ಇರಬೇಕು.

ಇವುಗಳಲ್ಲಿ ಮನೆಮಾತಾದ ಹೆಸರು ಏರ್‌ಫಿಕ್ಸ್. ಹಂಗೇರಿಯಿಂದ ಬಂದ ನಿಕೊಲಸ್ ಕೋವ್ 1939ರಲ್ಲಿ ಲಂಡನ್ನಿನಲ್ಲಿ ಇದನ್ನು ಕಟ್ಟಿದಾಗ ಗಾಳಿ ತುಂಬುವ ರಬ್ಬರ್ ಆಟಿಕೆ ಮಾಡುತ್ತಿದ್ದರಂತೆ. 1949ರಲ್ಲಿ ಫರ್ಗ್ಯುಸನ್ ಟ್ರಾಕ್ಟರ್ ಕಂಪನಿಗೆ ತನ್ನ ಮಾರಾಟಗಾರರ ಕೈಗೆ ಕೊಡಲು ಪುಟ್ಟ ಟ್ರಾಕ್ಟರ್ ಬೇಕಾಯಿತು. ಏರ್‌ಫಿಕ್ಸ್ ಮಾಡಿಕೊಟ್ಟಿತು. ಜೋಡಿಸುವುದೇ ತಲೆನೋವಾದ್ದರಿಂದ ಮುಂದೆ ಅದನ್ನು ಬಿಡಿಭಾಗಗಳಾಗಿಯೇ ಮಾರಲಾಯಿತು. ಸೋಮಾರಿತನ ಎನ್ನಿ, ಜಾಣತನ ಎನ್ನಿ, ಒಂದು ದೊಡ್ಡ ಹವ್ಯಾಸ ಬೆಳೆದದ್ದು ಹೀಗೆ. 1952ರ ಗೋಲ್ಡನ್ ಹೈಂಡ್ ಹಡಗು ವುಲ್‌ವರ್ತ್ ಅಂಗಡಿಗಳಲ್ಲಿ ಎರಡು ಶಿಲ್ಲಿಂಗಿಗೆ ಸಿಗುತ್ತಿತ್ತು. ಮರುವರ್ಷ ಸ್ಪಿಟ್‌ಫೈರ್ ಬಂತು. ಆಮೇಲೆ ಹಿಂತಿರುಗಿ ನೋಡಿದ್ದಿಲ್ಲ.

ಆದರೆ ಕಿಟ್ ಮಾಡುವುದು ಮಕ್ಕಳಾಟವಲ್ಲ. ಮೊದಲು ನಿಜ ವಿಮಾನದ ನಕ್ಷೆ, ಫೋಟೋ ಸಂಗ್ರಹಿಸಬೇಕು. ಆ ಕಾಲದಲ್ಲಿ ಅದರ ಆಧಾರದ ಮೇಲೆ ದೊಡ್ಡ ಅಳತೆಯ ಮರದ ಮೂಲರೂಪ ಕೆತ್ತಿ, ಪ್ಯಾಂಟೋಗ್ರಾಫ್ ಯಂತ್ರದಿಂದ ಅದನ್ನು ಕಿರಿದುಗೊಳಿಸುತ್ತ ಉಕ್ಕಿನ ಅಚ್ಚು ಕೊರೆಯುತ್ತಿದ್ದರು. ಪ್ಲಾಸ್ಟಿಕ್ ಅಗ್ಗ, ಅಚ್ಚು ಬಹಳ ದುಬಾರಿ. ಸಾವಿರಾರು ಪೆಟ್ಟಿಗೆ ಮಾರಿದ ಮೇಲಷ್ಟೇ ಅದರ ಸಾಲ ತೀರುತ್ತದೆ. ಆದ್ದರಿಂದಲೇ ಎಷ್ಟೋ ಕಿಟ್‌ಗಳು ಯೋಜನೆಯಲ್ಲೇ ಹುಟ್ಟಿ ಯೋಜನೆಯಲ್ಲೇ ಸಾಯುತ್ತವೆ. ಅಮೆರಿಕದ ಎ.ಎಂ.ಟಿ. ಕಂಪನಿ 1968ರಲ್ಲಿ ಲೀಫ್ ಎರಿಕ್ಸನ್ ಎಂಬ ಕಾಲ್ಪನಿಕ ವ್ಯೋಮನೌಕೆಯ ಕಿಟ್ ತಂದಿತು. ಅದು ಒಂದು ಸರಣಿಯ ಮೊದಲ ಕಂತಾಗಬೇಕಿತ್ತು. ಮಾರಾಟ ಸೋತಿತು, ಉಳಿದ ನೌಕೆಗಳು ಬರಲಿಲ್ಲ. ಬ್ರಿಟನ್ನಿನ ಫ್ರಾಗ್ ಕಂಪನಿಯ ಅಚ್ಚುಗಳನ್ನು 1970ರ ದಶಕದಲ್ಲಿ ಸೋವಿಯತ್ ಒಕ್ಕೂಟಕ್ಕೆ ಕಳಿಸಿ, ಅಲ್ಲಿ ತಯಾರಾದದ್ದನ್ನು ನೋವೊ ಹೆಸರಿನಲ್ಲಿ ಮಾರುವ ಏರ್ಪಾಟಾಯಿತು. ಜರ್ಮನಿ, ಜಪಾನುಗಳ ಯುದ್ಧವಿಮಾನದ ಅಚ್ಚುಗಳು ಮಾತ್ರ ಆ ಗಡಿ ದಾಟಲಿಲ್ಲ, ಅವು ಬೇರೆ ಕಂಪನಿಯ ಪಾಲಾದವು. ದಾಟಿದ್ದರಲ್ಲೂ ಎಲ್ಲವೂ ನೋವೊ ಪೆಟ್ಟಿಗೆಯಾಗಿ ಅಂಗಡಿ ಸೇರಲಿಲ್ಲ. ರಾಜಕೀಯ ಆಟಿಕೆಯನ್ನೂ ಬಿಡುವುದಿಲ್ಲ ನೋಡಿ.

ಟಿ.ಎಸ್.ಆರ್.-2 ವಿಷಯಕ್ಕೆ ಬರುವ ಮೊದಲು ಅದರ ಇಬ್ಬರು ಅಣ್ಣಂದಿರನ್ನು ನೋಡಬೇಕು. ಒಂದು ಇದೇ ಸಂಗ್ರಹಾಲಯದಲ್ಲಿದೆ. ಜೆಟ್ ಮತ್ತು ರಾಕೆಟ್ ಎರಡರಿಂದಲೂ ನಡೆಯುತ್ತಿದ್ದ ಎಸ್.ಆರ್. 53 ಅದು. ಹಾರಿದ್ದು 1957ರ ಮೇ ತಿಂಗಳಲ್ಲಿ. ಆದರೆ ಮುಂದಿನ ಕಾಲ ಕ್ಷಿಪಣಿಗಳದ್ದು, ಪೈಲಟ್ ಕೂರುವ ಫೈಟರ್‌ಗಳ ಯುಗ ಮುಗಿಯಿತು ಎಂದು ರಕ್ಷಣಾ ಸಚಿವ ಡಂಕನ್ ಸ್ಯಾಂಡಿಸ್ ಅದಕ್ಕೂ ಮೊದಲೇ, ಏಪ್ರಿಲಿನಲ್ಲಿ, ಸಾರಿಬಿಟ್ಟಿದ್ದರು. ತಯಾರಾದದ್ದು ಎರಡೇ ಎರಡು. ಅದರಲ್ಲೊಂದು 1958ರಲ್ಲಿ ಅಪಘಾತಕ್ಕೀಡಾಗಿ ಪೈಲಟ್ ತೀರಿಕೊಂಡರು. ಉಳಿದದ್ದು ಕಾಸ್‌ಫರ್ಡ್‌ನಲ್ಲಿದೆ.

ಇನ್ನೊಂದು ರೋಟೊಡೈನ್. ಅದನ್ನು ಹುಡುಕಿಕೊಂಡು ಹೋಗಬೇಕಾದದ್ದು ನೈರುತ್ಯ ಇಂಗ್ಲೆಂಡಿನ ವೆಸ್ಟನ್-ಸೂಪರ್-ಮೇರ್ ಎಂಬ ಕಡಲ ತೀರದ ಊರಿಗೆ. ಅರ್ಧ ಹೆಲಿಕಾಪ್ಟರ್, ಅರ್ಧ ವಿಮಾನ. ನಗರದ ನಡುವಿನಿಂದ ನೆಟ್ಟಗೆ ಮೇಲೆದ್ದು, ನಲವತ್ತು ಜನರನ್ನು ಇನ್ನೊಂದು ನಗರದ ನಡುವೆ ಇಳಿಸಬೇಕೆಂಬುದು ಫೇರಿ ಕಂಪನಿಯ ಕನಸು. 1957ರ ನವೆಂಬರ್ 6ರಂದು ಹಾರಿತು, 1959ರ ಜನವರಿಯಲ್ಲಿ ಗಂಟೆಗೆ 191 ಮೈಲಿ ವೇಗದಲ್ಲಿ ತನ್ನ ವರ್ಗದ ವಿಶ್ವದಾಖಲೆಯನ್ನೂ ಮಾಡಿತು. ಆದರೆ ಮೇಲೆ ತಿರುಗುವ ರೆಕ್ಕೆಗಳ ತುದಿಯಲ್ಲಿದ್ದ ಜೆಟ್‌ಗಳ ಸದ್ದು ವಿಪರೀತ. ಊರ ನಡುವೆ ಇಳಿಯಬೇಕಾದ ವಾಹನ ಊರನ್ನೇ ಕಿವುಡಾಗಿಸುವಂತಿದ್ದರೆ ಕೊಳ್ಳುವವರಾರು? 1962ರಲ್ಲಿ ಯೋಜನೆ ನಿಂತಿತು, ವಿಮಾನವನ್ನು ಕಳಚಿ ಹಾಕಿದರು. ವೆಸ್ಟನ್ ಊರಿನ ಹೆಲಿಕಾಪ್ಟರ್ ಮ್ಯೂಸಿಯಂನಲ್ಲಿ ಈಗ ಉಳಿದಿರುವುದು ಕೆಲವು ತುಂಡುಗಳು ಮಾತ್ರ.

ಆದರೆ ಇವೆರಡಕ್ಕೂ ಏರ್‌ಫಿಕ್ಸ್ ಕಿಟ್ ಇತ್ತು! ರೋಟೊಡೈನ್ ಕಿಟ್ ಬಂದದ್ದು 1959ರಲ್ಲಿ, ದಾಖಲೆಯ ಸುದ್ದಿ ಇನ್ನೂ ಬಿಸಿಯಾಗಿದ್ದಾಗ. ವಿಮಾನ ಸತ್ತ ಮೇಲೂ ಅಚ್ಚು ಸಾಯಲಿಲ್ಲ. ಮುಂದಿನ ದಶಕಗಳಲ್ಲಿ ಆ ಪೆಟ್ಟಿಗೆ ಮತ್ತೆ ಮತ್ತೆ ಅಂಗಡಿಗೆ ಬಂತು. ಒಬ್ಬ ಪ್ರಯಾಣಿಕನನ್ನೂ ಟಿಕೆಟ್ ಕೊಟ್ಟು ಹತ್ತಿಸಿಕೊಳ್ಳದ ವಾಹನ ಲೆಕ್ಕವಿಲ್ಲದಷ್ಟು ಮನೆಗಳ ಕಪಾಟಿನ ಮೇಲೆ ನಿಂತಿತು. ಎಂಜಿನಿಯರುಗಳಿಗೆ ಸಿಗದ ಆಯುಸ್ಸು ಆಟಿಕೆಯವರಿಗೆ ಸಿಕ್ಕಿತು.

ಟಿ.ಎಸ್.ಆರ್.-2ಕ್ಕೆ ಆ ಭಾಗ್ಯವೂ ಇರಲಿಲ್ಲ. ಅದರ ಮೊದಲ ವಿಮಾನ ಎಕ್ಸ್.ಆರ್. 219 ಹಾರಿದ್ದು 1964ರ ಸೆಪ್ಟೆಂಬರ್ 27ರಂದು, ರೋಲಂಡ್ ಬೀಮಾಂಟ್ ಕೈಯಲ್ಲಿ. ಒಟ್ಟು 24 ಸಲ ಹಾರಿತು, ಎಲ್ಲ ಸೇರಿಸಿದರೂ ಹದಿಮೂರು ಗಂಟೆಯ ಮೇಲೆ ಕೆಲವು ನಿಮಿಷ. ಹಾರಿದವರು ಹೊಗಳಿದರು, ಲೆಕ್ಕ ಬರೆಯುವವರು ಬೆವರಿದರು. ಖರ್ಚು ಏರುತ್ತಲೇ ಇತ್ತು. 1965ರ ಏಪ್ರಿಲ್ 6, ಬಜೆಟ್ ದಿನ. ಯೋಜನೆ ರದ್ದಾಯಿತೆಂದು ಸರಕಾರ ಪ್ರಕಟಿಸಿತು. ಅದರ ಬದಲು ಅಮೆರಿಕದ ಎಫ್-111 ಕೊಳ್ಳುವ ವಿಚಾರವಿತ್ತು. 1968ರಲ್ಲಿ ಅದೂ ರದ್ದಾಯಿತು.

ಅದೇ ಏಪ್ರಿಲ್ 6ರಂದು ಎರಡನೆಯ ವಿಮಾನ ಎಕ್ಸ್.ಆರ್. 220 ಬಾಸ್ಕಂಬ್ ಡೌನ್ ನಿಲ್ದಾಣದಲ್ಲಿ ತನ್ನ ಮೊದಲ ಹಾರಾಟಕ್ಕೆ ಸಿದ್ಧವಾಗುತ್ತಿತ್ತು. ಹಿಂದಿನ ಸೆಪ್ಟೆಂಬರಿನಲ್ಲಿ ಅದನ್ನು ಹೊತ್ತು ತಂದ ವಾಹನದಿಂದ ಮಗುಚಿ ಬಿದ್ದು ಪೆಟ್ಟಾಗಿ, ದುರಸ್ತಿಗೆ ತಿಂಗಳುಗಳೇ ಹಿಡಿದಿದ್ದವು. ಇನ್ನೇನು ಎನ್ನುವಷ್ಟರಲ್ಲಿ ಅಪ್ಪಣೆ ಬಂತು: ಹಾರುವಂತಿಲ್ಲ.

ಅನಂತರ ನಡೆದದ್ದು ಇನ್ನೂ ಕಠೋರ. ಭಾಗಗಳನ್ನು ಹಿಡಿದಿಟ್ಟು ಜೋಡಿಸುವ ಉಕ್ಕಿನ ಜಿಗ್‌ಗಳನ್ನು ಒಡೆದರು. ಅರ್ಧ ಕಟ್ಟಿದ್ದ ವಿಮಾನಗಳು ಗುಜರಿಗೆ ಹೋದವು. ಹಾರಿ ಹೆಸರು ಗಳಿಸಿದ್ದ ಎಕ್ಸ್.ಆರ್. 219ನ್ನು ಶೂಬರಿನೆಸ್‌ನ ಗುಂಡುಹಾರಿಕೆ ಮೈದಾನಕ್ಕೆ ಒಯ್ದು, ಗುಂಡೇಟಿಗೆ ವಿಮಾನದ ಮೈ ಹೇಗೆ ಒಡೆಯುತ್ತದೆಂದು ನೋಡಲು ಬಳಸಿದರು. ಪೂರ್ಣ ರೂಪದಲ್ಲಿ ಉಳಿದದ್ದು ಎರಡೇ, ಒಂದು ಡಕ್ಸ್‌ಫರ್ಡ್‌ನಲ್ಲಿ, ಇನ್ನೊಂದು ಇಲ್ಲಿ. ಎರಡೂ ಹಾರದವು.

ಹೀಗೆ ಮಾಯವಾದ ವಿಮಾನಕ್ಕೆ ಯಾವ ಕಂಪನಿ ದುಬಾರಿ ಅಚ್ಚು ಕೊರೆಸೀತು? ಅದಕ್ಕೆ ಸ್ಕ್ವಾಡ್ರನ್ ಇಲ್ಲ, ಯುದ್ಧವಿಲ್ಲ, ವೈಮಾನಿಕ ಪ್ರದರ್ಶನದಲ್ಲಿ ಕಂಡ ಮಕ್ಕಳಿಲ್ಲ. ಕಿಟ್ ಇಲ್ಲದೆ ವರ್ಷಗಳು ಕಳೆದವು. ಹಟ ಬಿಡದ ಹವ್ಯಾಸಿಗಳು ಮರ ಕೆತ್ತಿದರು, ಬಿಸಿ ಮಾಡಿ ಅಚ್ಚಿಗೆಳೆದ ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ ಜೋಡಿಸಿದರು. ದೊಡ್ಡವರಾದರು, ಅಪ್ಪಂದಿರಾದರು, ಕೆಲವರು ಅಜ್ಜಂದಿರೂ ಆದರು. ಈ ನಡುವೆ ಏರ್‌ಫಿಕ್ಸ್ ತಾನೇ 1981ರಲ್ಲಿ ದಿವಾಳಿಯಾಗಿ ಕೈ ಬದಲಾಯಿಸಿತು. 1986ರಲ್ಲಿ ಬಣ್ಣದ ಡಬ್ಬಿಗಳಿಗೆ ಹೆಸರಾದ ಹಂಬ್ರಾಲ್ ಅದರ ಒಡೆಯನಾಯಿತು.

ರದ್ದಾಗಿ ನಲವತ್ತು ವರ್ಷ ಕಳೆದ ಮೇಲೆ, 2006ರ ಸುಮಾರಿಗೆ, ಏರ್‌ಫಿಕ್ಸ್ 1:72 ಅಳತೆಯ ಟಿ.ಎಸ್.ಆರ್.-2 ಕಿಟ್ ಹೊರತಂದಿತು. 10,000 ಪೆಟ್ಟಿಗೆ ಮಾತ್ರ ಎಂಬ ಮಿತಿ ಹಾಕಿಕೊಂಡಿತ್ತು. ಅವು ಬೇಗನೆ ಖಾಲಿಯಾದವು. ಜೋಡಿಸಿದರೆ ಸುಮಾರು 38 ಸೆಂಟಿಮೀಟರ್ ಉದ್ದ, ವಿದ್ಯಾರ್ಥಿಯ ಉದ್ದದ ಸ್ಕೇಲಿಗಿಂತ ಒಂದು ಗೇಣಿನಷ್ಟು ಹೆಚ್ಚೂ ಇಲ್ಲ. ಕೊಂಡವರಲ್ಲಿ ನರೆತ ತಲೆಗಳೇ ಹೆಚ್ಚಿದ್ದಿರಬೇಕು.

ವಿಮಾನದ ಗ್ರಹಚಾರ ಪೆಟ್ಟಿಗೆಗೂ ಅಂಟಿತೋ ಏನೋ! ಅದೇ 2006ರ ಆಗಸ್ಟ್ 31ರಂದು ಹಂಬ್ರಾಲ್ ಮುಳುಗಿತು. ಹಲ್ ನಗರದಲ್ಲಿ ಅನೇಕರು ಕೆಲಸ ಕಳೆದುಕೊಂಡರು. ನವೆಂಬರಿನಲ್ಲಿ ಆಟಿಕೆ ರೈಲಿನ ಹಾರ್ನ್‌ಬಿ ಕಂಪನಿ 26 ಲಕ್ಷ ಪೌಂಡಿಗೆ ಎರಡೂ ಹೆಸರನ್ನು ಕೊಂಡು ಉಳಿಸಿತು. ಮುಂದೆ 1:48 ಅಳತೆಯ ಇನ್ನೂ ದೊಡ್ಡ ಟಿ.ಎಸ್.ಆರ್.-2 ಕೂಡ ಬಂತು. ತಮಾಷೆಯೆಂದರೆ ಜಪಾನಿನ ಹಾಸೆಗಾವಾ ಕೂಡ ಇದೇ ವಿಮಾನವನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಮಾರಿತು. ಅಲ್ಲಿನ ಸ್ಟ್ರಾಟೋಸ್ 4 ಎಂಬ ಕಾರ್ಟೂನ್ ಚಿತ್ರಮಾಲೆಯಲ್ಲಿ ಟಿ.ಎಸ್.ಆರ್.-2 ಹಾರುತ್ತದೆ! ಲಂಡನ್ನಿನ ಬಜೆಟ್ ಅಲ್ಲಿಗೆ ಮುಟ್ಟಿರಲಿಲ್ಲ.

ಬೆಂಗಳೂರಿಗೂ ಈ ಕಥೆಯ ಒಂದು ಎಳೆ ಉಂಟು. ಬ್ರಿಟನ್ನಿನಲ್ಲಿ ಟಿ.ಎಸ್.ಆರ್.-2 ಬರಬೇಕಾಗಿದ್ದದ್ದು ಕ್ಯಾನ್‌ಬೆರಾ ಬಾಂಬರಿನ ಜಾಗಕ್ಕೆ. ಭಾರತೀಯ ವಾಯುಪಡೆ ಅದೇ ಕ್ಯಾನ್‌ಬೆರಾವನ್ನು 1957ರಿಂದ 2007ರವರೆಗೆ, ಐವತ್ತು ವರ್ಷ ದುಡಿಸಿತು. ಹಳೆಯದು ಉಳಿಯಿತು, ಅದರ ಉತ್ತರಾಧಿಕಾರಿ ಮ್ಯೂಸಿಯಂ ಸೇರಿತು. ಹಳೆ ವಿಮಾನ ನಿಲ್ದಾಣದ ರಸ್ತೆಯ ಎಚ್.ಎ.ಎಲ್. ಸಂಗ್ರಹಾಲಯದ ಅಂಗಳದಲ್ಲಿ ಕ್ಯಾನ್‌ಬೆರಾ ನೋಡಲು ಸಿಗುತ್ತದೆ. ಅಲ್ಲಿರುವ ಮಾರುತ್ ವಿಮಾನದ ಕಥೆಯೂ ಕಾಸ್‌ಫರ್ಡ್‌ನ ಸಾಲಿಗೆ ದೂರದ್ದಲ್ಲ. ಬೆಂಗಳೂರಿನಲ್ಲೇ ರೂಪುಗೊಂಡು 1961ರ ಜೂನ್ 17ರಂದು ಹಾರಿದ ಅದು ಶಬ್ದದ ಎರಡು ಪಟ್ಟು ವೇಗದ ಆಸೆ ಹೊತ್ತಿತ್ತು. ಅದಕ್ಕೆ ಬೇಕಿದ್ದ ಬಲಶಾಲಿ ಬ್ರಿಟಿಷ್ ಎಂಜಿನ್ನಿನ ಅಭಿವೃದ್ಧಿಯೇ ನಡುವೆ ನಿಂತುಹೋಗಿ, ಕೈಗೆ ಸಿಕ್ಕ ಕಡಿಮೆ ಶಕ್ತಿಯ ಎಂಜಿನ್ನಿನಲ್ಲೇ ಅದು ಸೇವೆ ಸಲ್ಲಿಸಬೇಕಾಯಿತು.

ಕಾಸ್‌ಫರ್ಡ್‌ಗೆ ಮಕ್ಕಳೊಂದಿಗೆ ಹೋಗುವವರು ಸಾಧ್ಯವಾದರೆ ಮೊದಲೇ ಒಂದು ಕಿಟ್ ಜೋಡಿಸಿ ಹೋಗುವುದು ಒಳ್ಳೆಯದು. ಮೇಜಿನ ಮೇಲೆ ಬೆರಳಿಗೆ ಅಂಟಿಕೊಂಡು ಸತಾಯಿಸಿದ ಚಕ್ರದ ಕಂಬ ಇಲ್ಲಿ ಆಳೆತ್ತರಕ್ಕೆ ನಿಂತಿರುತ್ತದೆ. ಎಕ್ಸ್.ಆರ್. 220ರ ಹೊಟ್ಟೆಯ ಕೆಳಗೆ ಬಗ್ಗಿ ನೋಡಿದರೆ ಒಂದರ ಹಿಂದೊಂದು ಇಟ್ಟ ಜೋಡಿ ಚಕ್ರಗಳು ಕಾಣುತ್ತವೆ. ಒರಟು ನೆಲದಿಂದಲೂ ಮೇಲೇಳಲೆಂದು ಮಾಡಿದ ಏರ್ಪಾಟು ಅದು. 1975ರಲ್ಲಿ ಇಲ್ಲಿಗೆ ಬಂದಾಗಿನಿಂದ ಆ ಚಕ್ರಗಳು ಸಂಗ್ರಹಾಲಯದ ಆವರಣ ಬಿಟ್ಟು ಆಚೆ ಉರುಳಿಲ್ಲ.